ಆನ್‌ಲೈನ್ ಗೇಮ್ ಬಿಟ್ಟು ಹೋಗೋರು ಯಾಕೆ ಹೋಗ್ತಾರೆ, ಅದ್ರಲ್ಲಿ ಬೈಗುಳದ ಪಾಲೆಷ್ಟು

ಆನ್‌ಲೈನ್ ಗೇಮನ್ನ ಜನ ಯಾಕೆ ಬಿಡ್ತಾರೆ ಅಂತ ಬರೆಯೋಕೆ ಪ್ರಶ್ನೆ ಬಂದ ತಕ್ಷಣ ಎಲ್ರೂ "ಟಾಕ್ಸಿಕ್ (ಬೈಯೋ, ಕಾಡೋ) ಜನ ಜಾಸ್ತಿ, ಅದಕ್ಕೇ ಪ್ಲೇಯರ್ಸ್ ಬಿಟ್ಟೋಗ್ತಾರೆ" ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ತಾರೆ. ಪೂರ್ತಿ ಸುಳ್ಳೇನಲ್ಲ, ಆದ್ರೆ ಬೈಗುಳ ಯಾರಿಗೆ ಬಿತ್ತು, ಅವ್ರು ಬಂದು ಎಷ್ಟು ದಿನ ಆಗಿತ್ತು ಅಂತ ನೋಡ್ದೆ ಬರೆದ್ರೆ ಉತ್ತರ ಅರ್ಧಕ್ಕೇ ನಿಲ್ಲುತ್ತೆ. ನಾನು ಲೀಗ್ ಆಫ್ ಲೆಜೆಂಡ್ಸ್ ಹಿಡ್ಕೊಂಡಿದೀನಿ, ಯಾಕಂದ್ರೆ ಅದನ್ನ ಮಾಡಿದ ರಯಟ್ ಗೇಮ್ಸ್ ತನ್ನ ಲೆಕ್ಕದಲ್ಲಿ ಸ್ವಲ್ಪ ಹೊರಗೂ ಹೇಳಿದೆ.

2009ರಲ್ಲಿ ಬಂದ ಗೇಮ್ ಇದು. ಐದೈದು ಜನದ ಎರಡು ಟೀಮು, ಒಂದು ಮ್ಯಾಚು ಅರ್ಧ ಗಂಟೆ ಮೇಲೇ ಹೋಗ್ಬಹುದು, ಮಧ್ಯದಲ್ಲಿ ಎದ್ದು ಹೋದ್ರೆ ಪೆನಾಲ್ಟಿ, ಬದಲಿ ಆಟಗಾರ ಅಂತ ಯಾರೂ ಬರಲ್ಲ. ಒಬ್ಬ ಹೊಸಬ ಪದೇ ಪದೇ ಸತ್ರೆ ಎದುರು ಟೀಮ್‌ಗೆ ಚಿನ್ನ (ಆಟದೊಳಗಿನ ದುಡ್ಡು) ಸಿಗುತ್ತೆ, ಅವ್ರು ಇನ್ನೂ ಬಲ ಆಗ್ತಾರೆ, ಆಗ ಉಳಿದ ನಾಲ್ಕು ಜನ, ಗುರುತು ಪರಿಚಯ ಇಲ್ದೋರು, ಸೋಲು ಗ್ಯಾರಂಟಿ ಅಂತ ಗೊತ್ತಿದ್ದೂ ಅಲ್ಲೇ ಕೂತಿರ್ಬೇಕು, ಕೈಯಲ್ಲಿ ಕೀಬೋರ್ಡ್ ಬೇರೆ ಇದೆ, ಇನ್ನೇನಾಗುತ್ತೆ ಹೇಳಿ. ಅಂದ್ರೆ ಸಿಟ್ಟು ಬರೋ ಹಾಗೆ ಆಟದ ರಚನೆನೇ ಇದೆ. ನನ್ ಪ್ರಕಾರ ಜನರ ಸ್ವಭಾವಕ್ಕಿಂತ ಇದನ್ನ ಮೊದ್ಲು ಬರೀಬೇಕು.

ಇದಕ್ಕೆ ಸಪೋರ್ಟ್ ಕೂಡ ಸಿಗುತ್ತೆ. ರಯಟ್‌ನಲ್ಲಿ ಜೆಫ್ರಿ ಲಿನ್ ಅನ್ನೋ ನ್ಯೂರೋಸೈನ್ಸ್ ಓದಿದವ್ರು ಒಂದು ಟೀಮ್ ನಡೆಸ್ತಿದ್ರು, ಆಟಗಾರರ ನಡವಳಿಕೆ ನೋಡೋದೇ ಅದ್ರ ಕೆಲ್ಸ. ಯಾವಾಗ್ಲೂ ಬೈತಾನೇ ಇರೋರು ಸುಮಾರು 1% ಅಷ್ಟೇ, ಅವ್ರಿಂದ ಬರೋ ಗಲೀಜು ಒಟ್ಟಿನಲ್ಲಿ ಸುಮಾರು 5% ಅಂತ ಅವ್ರಿಗೆ ಸಿಕ್ತು. ಉಳಿದಿದ್ರಲ್ಲಿ ಬಹುಪಾಲು ಯಾವತ್ತೋ ಒಂದಿನ ತಲೆ ಕೆಟ್ಟಿದ್ದ ಸಾಮಾನ್ಯ ಆಟಗಾರರದ್ದು. ಹಾಗಾಗಿ "ಕೆಟ್ಟವ್ರನ್ನ ಬ್ಯಾನ್ ಮಾಡಿದ್ರೆ ಸರಿಹೋಗುತ್ತೆ" ಅನ್ನೋ ಲಾಜಿಕ್ ಇಲ್ಲಿ ಕೆಲ್ಸ ಮಾಡಲ್ಲ.

ಈಗ ಎಲ್ರೂ ಕೋಟ್ ಮಾಡೋ ನಂಬರ್, ಇದೂ ರಯಟ್‌ನದ್ದೇ: ಬೈಸ್ಕೊಂಡ ಆಟಗಾರರು ಗೇಮ್ ಬಿಡೋ ಸಾಧ್ಯತೆ 320% ವರೆಗೂ ಜಾಸ್ತಿ. ಇಲ್ಲಿ ಹುಷಾರು. ಹೊಸಬರನ್ನೇ ತಗೊಳ್ಳಿ, ಯಾರು ಜಾಸ್ತಿ ಬೈಸ್ಕೋತಾರೆ? ಸರಿಯಾಗಿ ಆಡೋಕೆ ಬರ್ದೆ ಸೋಲ್ತಿರೋರು. ಅವ್ರು ಬೈಗುಳ ಇಲ್ದಿದ್ರೂ ಸೋತು ಸೋತು ಬೇಜಾರಾಗಿ ಬಿಡ್ತಿದ್ರೇನೋ! ಸೋಲಿನ ಪಾಲೆಷ್ಟು ಮಾತಿನ ಪಾಲೆಷ್ಟು ಅಂತ ಆ ಒಂದು ನಂಬರ್ ಬಿಡಿಸಿ ಹೇಳಲ್ಲ. ಆದ್ರೂ ಹೊಸಬರ ಮೇಲೆ ಏಟು ಜಾಸ್ತಿ ಅನ್ನೋದನ್ನ ನಾನು ಒಪ್ತೀನಿ, ಯಾಕಂದ್ರೆ ಅವ್ರಿಗೆ ಅಲ್ಲಿ ಕಳ್ಕೊಳ್ಳೋಕೆ ಏನೂ ಇಲ್ಲ, ಫ್ರೆಂಡ್ಸ್ ಇಲ್ಲ, ರ‍್ಯಾಂಕ್ ಇಲ್ಲ, ದುಡ್ಡು ಹಾಕಿಲ್ಲ. ಬಿಜಿಎಂಐ ಅನ್ನೋ ಮೊಬೈಲ್ ಶೂಟಿಂಗ್ ಗೇಮ್‌ನ ರ‍್ಯಾಂಡಮ್ ಸ್ಕ್ವಾಡ್‌ನಲ್ಲಿ ಮೊದಲ್ನೇ ಸಲ ನಾಕ್ ಆಗಿ (ಗುಂಡು ತಿಂದು ಬಿದ್ದು) "ರಿವೈವ್ ಕೊಡಿ", ಅಂದ್ರೆ ಎಬ್ಬಿಸಿ, ಅಂದ ಹುಡುಗನಿಗೆ "ಆಟ ಬರಲ್ಲ ಅಂದ್ಮೇಲೆ ಯಾಕೋ ಬಂದೆ ಲೇ" ಅಂದ್ರೆ ಅವ್ನು ಎದುರು ಮಾತಾಡಲ್ಲ, ಮೈಕ್ ಆಫ್ ಮಾಡ್ತಾನೆ, ಇಲ್ಲಾ ಆ್ಯಪ್ ತೆಗ್ದು ಹಾಕ್ತಾನೆ.

ರಯಟ್ ಮಾಡಿದ ಇನ್ನೊಂದು ಪ್ರಯೋಗ ನಂಗೆ ಜಾಸ್ತಿ ಇಷ್ಟ. ಎದುರು ಟೀಮ್ ಜೊತೆಗಿನ ಚಾಟ್ ಮೊದ್ಲಿಂದ್ಲೇ ಆಫ್ ಇರೋ ಹಾಗೆ ಇಟ್ರು, ಬೇಕಾದವ್ರು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡ್ಕೋಬೇಕು. ಕೆಟ್ಟ ಮಾತು 30%ಗಿಂತ ಜಾಸ್ತಿ ಇಳೀತು, ಒಳ್ಳೆ ಮಾತು ಹತ್ತತ್ರ 35% ಏರ್ತು, ಚಾಟ್ ಮಾಡೋರು ಮಾತ್ರ ಹೆಚ್ಚೂಕಡಿಮೆ ಅಷ್ಟೇ ಇದ್ರು. ಆದ್ರೆ ಗಮನಿಸಿ, ಇದು ಅಳೆದಿದ್ದು ಮಾತನ್ನ. ಯಾರು ಉಳಿದ್ರು ಯಾರು ಹೋದ್ರು ಅನ್ನೋದನ್ನಲ್ಲ.

ಹಳಬರ ಕಥೆನೇ ಬೇರೆ. ಕೆಲ್ಸ ಸಿಕ್ತು, ಮದ್ವೆ ಆಯ್ತು, ಜೊತೆಗೆ ಆಡೋ ನಾಲ್ಕು ಜನ ಚದುರಿದ್ರು, ಅಲ್ಲಿಗೆ ಮುಗೀತು. ಕೆಲವೊಮ್ಮೆ ಕಾರಣ ಗೇಮ್ ಒಳಗೇ ಇರಲ್ಲ: 2020 ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಬ್ಯಾನ್ ಮಾಡ್ದಾಗ ಇಡೀ ಸ್ಕ್ವಾಡ್‌ಗಳೇ ಬೇರೆ ಗೇಮ್ ಕಡೆ ನಡೆದ್ವು, ಅದು ಬಿಜಿಎಂಐ ಆಗಿ ವಾಪಸ್ ಬಂದಿದ್ದು 2021 ಜುಲೈನಲ್ಲಿ. ಇಲ್ಲಿ ಬೈಗುಳದ ಮಾತೇ ಬರಲ್ಲ.

ಹಾಗಂತ ಹಳಬರಿಗೆ ಏನೂ ತಟ್ಟಲ್ಲ ಅಂತಲ್ಲ. ಗೇಮ್ ಡಿಸೈನರ್ ರಿಚರ್ಡ್ ಬಾರ್ಟಲ್ 1996ರಲ್ಲೇ ಆಟಗಾರರನ್ನ ನಾಲ್ಕು ಥರ ಮಾಡಿದ್ರು: ಸಾಧನೆಗೆ ಬರೋರು, ಹುಡುಕಾಟಕ್ಕೆ ಬರೋರು, ಮಾತು ಸ್ನೇಹಕ್ಕೆ ಬರೋರು, ಇನ್ನೊಬ್ರನ್ನ ಕಾಡೋಕೇ ಬರೋರು. ಕಾಡೋರು ಜಾಸ್ತಿ ಆದ್ರೆ ಮೊದ್ಲು ಖಾಲಿ ಆಗೋದು ಸ್ನೇಹಕ್ಕೆ ಬಂದೋರು, ಅವ್ರು ಹೋದಷ್ಟೂ ಉಳಿದ ಅಂಥವ್ರಿಗೆ ಮಾತಾಡೋಕೆ ಯಾರೂ ಸಿಗಲ್ಲ, ಅವ್ರೂ ಹೊರಡ್ತಾರೆ. ಅಂದ್ರೆ ನಮ್ಮನ್ನ ಯಾರೂ ಬೈಯದೇ ಇದ್ರೂ, ನಮ್ ಫ್ರೆಂಡ್‌ನ ಬೈದು ಓಡಿಸಿದ್ರೆ ನಾವೂ ಹೋಗ್ತೀವಿ.

ಕೊನೆಗೆ ಹರ್ಷ್‌ಮನ್. ಈ ಅರ್ಥಶಾಸ್ತ್ರಜ್ಞ 1970ರಲ್ಲಿ ಹೇಳಿದ್ದು: ಬೇಸರ ಆದವ್ರಿಗೆ ಎರಡು ದಾರಿ, ಒಂದು ದನಿ ಎತ್ತೋದು, ಇನ್ನೊಂದು ಎದ್ದು ಹೋಗೋದು. ಗೇಮ್‌ಗೆ ಹಾಕಿ ನೋಡಿ, "ಈ ಗೇಮ್ ಹಾಳಾಯ್ತು" ಅಂತ ದಿನಾ ಕೂಗೋನು ಇನ್ನೂ ಒಳಗೇ ಇದಾನೆ, ನಿಜಕ್ಕೂ ಬಿಟ್ಟೋದೋನ ದನಿ ಕೇಳಲ್ಲ. ದ್ವೇಷದ ವಿರುದ್ಧ ಕೆಲ್ಸ ಮಾಡೋ ಅಮೆರಿಕದ ಸಂಸ್ಥೆ ಆ್ಯಂಟಿ ಡಿಫಮೇಷನ್ ಲೀಗ್‌ನ 2019ರ ಸರ್ವೇನೂ ಹೀಗೇ ಓದ್ಬೇಕು: ಆನ್‌ಲೈನ್ ಮಲ್ಟಿಪ್ಲೇಯರ್ ಆಡೋ ವಯಸ್ಕರಲ್ಲಿ 74% ಜನ ಕಿರುಕುಳ ಕಂಡಿದಾರೆ ಅನ್ನುತ್ತೆ, ಆದ್ರೆ ಅಲ್ಲಿ ಕೇಳಿದ್ದು ಆಡ್ತಿರೋರನ್ನ, ಬಿಟ್ಟು ಹೋದೋರು ಆ ಲೆಕ್ಕದಲ್ಲಿಲ್ಲ. ಆದ್ರಿಂದ 74ನ್ನ "ಇಷ್ಟು ಜನ ಬಿಟ್ಟೋದ್ರು" ಅಂತ ಮಾತ್ರ ಬರೀಬೇಡಿ.