ಪ್ಯಾಂಥಿಯನ್: ಕಂಬಗಳ ಹಿಂದಿನ ಕಾಂಕ್ರೀಟು (ರೋಮನ್ ವಾಸ್ತುಶಿಲ್ಪ – ಅಧ್ಯಯನ ಟಿಪ್ಪಣಿ)

ರೋಮನ್ ವಾಸ್ತುಶಿಲ್ಪ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಡೋರಿಕ್, ಅಯೋನಿಕ್, ಕೊರಿಂಥಿಯನ್ ಎಂದು ಕಂಬಗಳ ಪಟ್ಟಿಯನ್ನು ಬಾಯಿಪಾಠ ಮಾಡಲು ಕೂರುತ್ತೇವೆ. ಆ ಮೂರೂ ಗ್ರೀಕರಿಂದ ಬಂದವು. ರೋಮನ್ನರ ಸ್ವಂತ ಸಾಧನೆಯನ್ನು ನೋಡಬೇಕಾದದ್ದು ಕಮಾನಿನಲ್ಲಿ, ಗುಮ್ಮಟದಲ್ಲಿ, ಅವೆರಡನ್ನೂ ಅಷ್ಟು ದೊಡ್ಡದಾಗಿ ಕಟ್ಟಲು ಬಿಟ್ಟ ಕಾಂಕ್ರೀಟಿನಲ್ಲಿ. ಇದಕ್ಕೆ ರೋಮ್ ನಗರದ ಪ್ಯಾಂಥಿಯನ್ ದೇವಾಲಯ ಒಂದನ್ನೇ ಸರಿಯಾಗಿ ತಿಳಿದುಕೊಂಡರೆ ಮುಕ್ಕಾಲು ಪಾಲು ಪಾಠ ಮುಗಿದಂತೆ.

ಕಾಲನಿರ್ಣಯ

ಕಟ್ಟಡದ ಮುಂಭಾಗದಲ್ಲಿ ದೊಡ್ಡ ಅಕ್ಷರಗಳ ಶಾಸನವಿದೆ: ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ ಮೂರನೆಯ ಬಾರಿ ಕಾನ್ಸಲ್ (ರೋಮಿನ ಅತ್ಯುನ್ನತ ಚುನಾಯಿತ ಅಧಿಕಾರಿ) ಆಗಿದ್ದಾಗ ಇದನ್ನು ಕಟ್ಟಿಸಿದನು. ಅದನ್ನು ನಂಬಿ ಕ್ರಿ.ಪೂ. 27 ಎಂದು ಬರೆದರೆ ಅಂಕ ಹೋಯಿತು. ಅಗ್ರಿಪ್ಪನ ಕಟ್ಟಡ ಕ್ರಿ.ಶ. 80ರ ಬೆಂಕಿಗೆ ತುತ್ತಾಯಿತು. ಚಕ್ರವರ್ತಿ ಡೊಮಿಷಿಯನ್ ಮತ್ತೆ ಕಟ್ಟಿಸಿದ್ದು 110ರಲ್ಲಿ ಸುಟ್ಟಿತು. ಈಗ ನಿಂತಿರುವುದು ಚಕ್ರವರ್ತಿ ಟ್ರಾಜನ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಆರಂಭವಾಗಿ ಅವನ ನಂತರ ಬಂದ ಹೇಡ್ರಿಯನ್ ಕಾಲದಲ್ಲಿ, ಸುಮಾರು 125ರ ಹೊತ್ತಿಗೆ ಮುಗಿದದ್ದು. ಈ ಗುಟ್ಟು ಬಿಟ್ಟುಕೊಟ್ಟಿದ್ದು ಇಟ್ಟಿಗೆಗಳು. ರೋಮನ್ ಗೂಡುಗಳಲ್ಲಿ ಹಸಿ ಇಟ್ಟಿಗೆಗೆ ಮುದ್ರೆ ಒತ್ತುವ ರೂಢಿಯಿತ್ತು, ಆ ಮುದ್ರೆಗಳಿಂದ ಇಟ್ಟಿಗೆಯ ಕಾಲ ತಿಳಿಯುತ್ತದೆ. ಹಾಗಾದರೆ ಅಗ್ರಿಪ್ಪನ ಹೆಸರೇಕೆ? ಹೇಡ್ರಿಯನ್ ತಾನು ಜೀರ್ಣೋದ್ಧಾರ ಮಾಡಿಸಿದ ಕಟ್ಟಡಗಳ ಮೇಲೆ ಸಾಮಾನ್ಯವಾಗಿ ಮೂಲ ಕರ್ತೃವಿನ ಹೆಸರನ್ನೇ ಉಳಿಸುತ್ತಿದ್ದ.

ಕಾಂಕ್ರೀಟು

ಸುಣ್ಣದ ಗಾರೆ ರೋಮನ್ನರಿಗಿಂತ ಹಳೆಯದು. ಅವರ ಕೈಗೆ ಸಿಕ್ಕ ಹೊಸ ವಸ್ತು ನೇಪಲ್ಸ್ ಸಮೀಪದ ಪೊಝ್ಝುವೊಲಿಯ ಜ್ವಾಲಾಮುಖಿ ಬೂದಿ, ಅಂದರೆ ಪೊಝೊಲಾನ. ಇದರಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾ ಸುಣ್ಣದೊಂದಿಗೆ ಸೇರಿ, ನೀರಿನೊಳಗೂ ಗಟ್ಟಿಯಾಗುವ ಗಾರೆಯನ್ನು ಕೊಡುತ್ತವೆ. ಯೂದಾಯದ ಹೆರೋದ್ ರಾಜನ ಸಿಸೇರಿಯಾ ಬಂದರಿಗೆ ಈ ಬೂದಿಯನ್ನು ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದ ಆಚೆ ತುದಿಗೆ ಸಾಗಿಸಿದ್ದರು. ನದಿಯ ಅಥವಾ ಸಮುದ್ರದ ಮರಳು ಬಳಸುವಾಗ ಹೆಂಚು, ಮಡಕೆಯ ಪುಡಿ ಬೆರೆಸಿದರೆ ಗಾರೆ ಉತ್ತಮವಾಗುತ್ತದೆ ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ. ಕನ್ನಂಬಾಡಿ ಕಟ್ಟೆಗೆ ಬಳಸಿದ ಸುರ್ಕಿ ಗಾರೆ (ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು) ಕೆಲಸ ಮಾಡುವುದೂ ಇದೇ ತತ್ತ್ವದಿಂದ, ಆದ್ದರಿಂದ ನಮಗೆ ಇದು ತೀರ ಅಪರಿಚಿತವಲ್ಲ.

ಇಂದಿನ ಹಾಗೆ ಅವರು ಕಾಂಕ್ರೀಟನ್ನು ತೆಳುವಾಗಿ ಕಲಸಿ ಸುರಿಯುತ್ತಿರಲಿಲ್ಲ. ಎರಡು ಬದಿಗೆ ಇಟ್ಟಿಗೆಯ ಮುಖ ಕಟ್ಟಿ, ನಡುವೆ ಗಟ್ಟಿ ಗಾರೆ ಮತ್ತು ಮುಷ್ಟಿಗಾತ್ರದ ಕಲ್ಲುಗಳನ್ನು ಪದರ ಪದರವಾಗಿ ತುಂಬುತ್ತಿದ್ದರು. ಉಕ್ಕಿನ ಸರಳು ಇಲ್ಲವೇ ಇಲ್ಲ. ಗಾರೆಯೊಳಗೆ ಕಾಣುವ ಬಿಳಿ ಸುಣ್ಣದ ಉಂಡೆಗಳನ್ನು ಹಿಂದೆ ಸರಿಯಾಗಿ ಕಲಸದ ಗುರುತೆಂದು ತಳ್ಳಿಹಾಕಿದ್ದರು. 2023ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಅವು ಅರಳಿಸದ ಸುಟ್ಟ ಸುಣ್ಣವನ್ನು ನೇರವಾಗಿ ಬೆರೆಸಿದ್ದರ ಫಲ. ಬಿರುಕಿನೊಳಗೆ ನೀರು ಇಳಿದಾಗ ಈ ಸುಣ್ಣ ಕರಗಿ, ಮತ್ತೆ ಹರಳುಗಟ್ಟಿ, ಬಿರುಕನ್ನು ಮುಚ್ಚುತ್ತದೆ.

ಗುಮ್ಮಟ

ಒಳವ್ಯಾಸ 43.3 ಮೀಟರ್. ನೆಲದಿಂದ ನೆತ್ತಿಗೂ ಅಷ್ಟೇ. ಅಂದರೆ ಒಳಗೆ ಒಂದು ಪೂರ್ಣ ಗೋಳ ಸರಿಯಾಗಿ ಕೂರುತ್ತದೆ. ಸರಳು ಹಾಕದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಗುಮ್ಮಟದ ಮೇಲ್ಭಾಗ ಒತ್ತಡದಲ್ಲಿರುತ್ತದೆ, ಕೆಳಭಾಗ ಹೊರಕ್ಕೆ ಒದೆಯುತ್ತದೆ, ಅಂದರೆ ಅಲ್ಲಿ ಎಳೆತ ಬೀಳುತ್ತದೆ. ಕಾಂಕ್ರೀಟು ಒತ್ತಡಕ್ಕೆ ಜಗ್ಗುವುದಿಲ್ಲ, ಎಳೆತಕ್ಕೆ ಸೀಳುತ್ತದೆ. ಹಾಗಾಗಿ ರೋಮನ್ನರು ಮೇಲೆ ಭಾರ ಇಳಿಸಿ, ಕೆಳಗೆ ಭಾರ ಹೇರಿದರು. ತಳದಲ್ಲಿ ಸುಮಾರು 6 ಮೀಟರ್ ಇರುವ ದಪ್ಪ ನೆತ್ತಿಯಲ್ಲಿ ಸುಮಾರು 1.2 ಮೀಟರಿಗೆ ಇಳಿಯುತ್ತದೆ. ತುಂಬಿದ ಕಲ್ಲೂ ಒಂದೇ ಬಗೆಯದಲ್ಲ: ಅಡಿಪಾಯದಲ್ಲಿ ಭಾರದ ಟ್ರಾವರ್ಟೈನ್ (ಒಂದು ಬಗೆಯ ಸುಣ್ಣದ ಕಲ್ಲು), ಮೇಲೇರಿದಂತೆ ಟಫ್ (ಜ್ವಾಲಾಮುಖಿ ಬೂದಿ ಗಟ್ಟಿಯಾದ ಕಲ್ಲು) ಮತ್ತು ಇಟ್ಟಿಗೆ ಚೂರು, ನೆತ್ತಿಯ ಬಳಿ ನೀರಿನಲ್ಲಿ ತೇಲುವಷ್ಟು ಹಗುರವಾದ ಜ್ವಾಲಾಮುಖಿ ಕಲ್ಲು ಪ್ಯೂಮಿಸ್. ಹೊರಗೆ ಗುಮ್ಮಟದ ಬುಡದಲ್ಲಿ ಕಾಣುವ ಮೆಟ್ಟಿಲಿನಂಥ ಉಂಗುರಗಳು ಆ ಒದೆತವನ್ನು ಅದುಮುವ ತೂಕ. ಇಷ್ಟೆಲ್ಲ ಮಾಡಿಯೂ ಬುಡದಿಂದ ಮೇಲಕ್ಕೆ ಬಿರುಕು ಬಿಟ್ಟಿದೆ. ಕಟ್ಟಡ ಮಾತ್ರ ಅಲುಗಿಲ್ಲ. ಒಳಮೈಯಲ್ಲಿ 5 ಸಾಲು, ಸಾಲಿಗೆ 28ರಂತೆ ಚೌಕಾಕಾರದ ಕುಳಿಗಳಿವೆ.

ನೆತ್ತಿಯ ಬಯಲು ಕಿಂಡಿ ಸುಮಾರು 9 ಮೀಟರ್ ಅಗಲ. ಬಾಗಿಲನ್ನು ಬಿಟ್ಟರೆ ಬೆಳಕು ಬರುವುದು ಅಲ್ಲಿಂದಲೇ. ಮಳೆಯೂ ಬೀಳುತ್ತದೆ, ಅದಕ್ಕಾಗಿ ನೆಲವನ್ನು ತುಸು ಉಬ್ಬಿಸಿ ನೀರು ಹೋಗಲು ತೂತುಗಳನ್ನು ಬಿಟ್ಟಿದ್ದಾರೆ. ಗ್ರೀಕ್ ದೇವಾಲಯವನ್ನು ಹೊರಗೆ ನಿಂತು ನೋಡಬೇಕು. ಇಲ್ಲಿ ಒಳಗೆ ಕಾಲಿಟ್ಟ ಮೇಲೆಯೇ ವಾಸ್ತುಶಿಲ್ಪ ಆರಂಭವಾಗುತ್ತದೆ.

ಇನ್ನು ಮುಖಮಂಟಪ. ಈಜಿಪ್ಟಿನ ಗ್ರಾನೈಟಿನ 16 ಏಕಶಿಲಾ ಕಂಬಗಳು, ಕೊರಿಂಥಿಯನ್ ಬೋದಿಗೆಗಳು. ಮಂಟಪಕ್ಕೂ ಹಿಂದಿನ ವೃತ್ತಾಕಾರದ ಗೋಡೆಗೂ ಹೊಂದಿಕೆ ಅಷ್ಟಕ್ಕಷ್ಟೆ. ಹಿಂದೆ ಇನ್ನೂ ಎತ್ತರದಲ್ಲಿ ಮಂಟಪದ ಮಾಡಿನ ತ್ರಿಕೋನದಂಥದೇ ಮತ್ತೊಂದು ತ್ರಿಕೋನದ ಗುರುತಿದೆ. 50 ರೋಮನ್ ಅಡಿಯ ಕಂಬಗಳನ್ನು ಯೋಜಿಸಿ, ಸಿಗದೆ, 40 ಅಡಿಯವನ್ನು ನಿಲ್ಲಿಸಿದರು ಎಂಬುದು ಕೆಲವು ವಿದ್ವಾಂಸರ ವಾದ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ.

609ರಲ್ಲಿ ನಾಲ್ಕನೆಯ ಬಾನಿಫೇಸ್ ಪೋಪ್ ಇದನ್ನು ಚರ್ಚ್ ಮಾಡಿದ. ಕಟ್ಟಡ ಕಲ್ಲುಗಣಿಯಾಗದೆ ಉಳಿದದ್ದಕ್ಕೆ ಮುಖ್ಯ ಕಾರಣ ಅದೇ. ಆದರೂ 17ನೆಯ ಶತಮಾನದಲ್ಲಿ ಎಂಟನೆಯ ಅರ್ಬನ್ ಪೋಪ್ ಮಂಟಪದ ಕಂಚನ್ನು ಕೀಳಿಸಿದ.

ಕೊಲೋಸಿಯಂ, ಟ್ರಾಜನ್ ಸ್ತಂಭ

ಕೊಲೋಸಿಯಂ (ರೋಮಿನ ದೊಡ್ಡ ಕ್ರೀಡಾಂಗಣ, ಉದ್ಘಾಟನೆ ಕ್ರಿ.ಶ. 80) ಬಗ್ಗೆ ಒಂದು ಮಾತು ಸಾಕು: ಹೊರಗೋಡೆಗೆ ಅಂಟಿದ ಅರೆಗಂಬಗಳು ಅಲಂಕಾರಕ್ಕೆ, ಭಾರ ಹೊರುವುದು ಅವುಗಳ ನಡುವಿನ ಕಮಾನುಗಳು.

ಶಿಲ್ಪಕಲೆಯ ಪ್ರಶ್ನೆ ಬಂದರೆ 113ರ ಟ್ರಾಜನ್ ಸ್ತಂಭವನ್ನು ಆರಿಸಿಕೊಳ್ಳಿ. ಡೇಸಿಯಾ (ಇಂದಿನ ರೊಮೇನಿಯಾ ಪ್ರದೇಶ) ಯುದ್ಧಗಳ ಕಥೆ ಸುರುಳಿಯಾಗಿ ಮೇಲೇರುತ್ತದೆ. ಆದರೆ ಸೈನಿಕರು ಕಾದಾಡುವುದಕ್ಕಿಂತ ಹೆಚ್ಚಾಗಿ ಮರ ಕಡಿಯುತ್ತ, ಕೋಟೆ ಕಟ್ಟುತ್ತ, ಮೆರವಣಿಗೆಯಲ್ಲಿ ಸಾಗುತ್ತ ಕಾಣುತ್ತಾರೆ. ದಮಾಸ್ಕಸಿನ ಅಪೊಲೊಡೋರಸ್ ಡ್ಯಾನ್ಯೂಬ್ ನದಿಗೆ ಕಟ್ಟಿದ ಸೇತುವೆಯೂ ಅಲ್ಲಿದೆ. ಪ್ಯಾಂಥಿಯನ್ನಿನ ವಾಸ್ತುಶಿಲ್ಪಿಯೂ ಅವನೇ ಇರಬಹುದು ಎಂಬ ಊಹೆ ಇದೆ. ಅದಕ್ಕೆ ನೇರ ದಾಖಲೆಯಿಲ್ಲ, ಉತ್ತರಪತ್ರಿಕೆಯಲ್ಲಿ ಊಹೆ ಎಂದೇ ಬರೆಯಿರಿ.