ನಳಕ್ಕೆ ವಾರಕ್ಕೊಮ್ಮೆ ನೀರು ಬರುವ ಊರಲ್ಲಿ ಡೆಂಗ್ಯೂ ತಿಳಿವಳಿಕೆ: ಅಧ್ಯಯನ ಟಿಪ್ಪಣಿ

ಹಳ್ಳಿಯಲ್ಲಿ ಡೆಂಗ್ಯೂ ಜಾಗೃತಿ ಎಂದರೆ ಮೊದಲು ಬಾಯಿಗೆ ಬರುವುದು ‘ಮನೆಯ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ’ ಎಂಬ ಮಾತು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಸಿಗಬಹುದು, ಊರಲ್ಲಿ ಕೆಲಸ ಆಗುವುದಿಲ್ಲ. ಉತ್ತರ ಕರ್ನಾಟಕದ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಬೇಸಿಗೆ ಬಂತೆಂದರೆ ನಳದ ನೀರು ನಾಲ್ಕೈದು ದಿನಕ್ಕೊಮ್ಮೆ, ಕೆಲವೆಡೆ ವಾರಕ್ಕೊಮ್ಮೆ. ಡ್ರಮ್ಮು, ಸಿಮೆಂಟು ತೊಟ್ಟಿ, ಹಂಡೆ, ಕೊಡ ತುಂಬಿಡದಿದ್ದರೆ ಅಲ್ಲಿ ಸಂಸಾರ ನಡೆಯದು. ಆ ಮನೆಯವರಿಗೆ ‘ನಿಂತ ನೀರು’ ಎಂದರೆ ಚರಂಡಿ, ಅದೂ ಪಕ್ಕದ ಮನೆಯ ಮುಂದಿನದು. ತಾವೇ ಕಷ್ಟಪಟ್ಟು ತುಂಬಿಟ್ಟ ಡ್ರಮ್ಮು ಆ ಲೆಕ್ಕಕ್ಕೇ ಬರುವುದಿಲ್ಲ.

ಚರಂಡಿಯ ಕೊಳಚೆಯಲ್ಲಿ ಹೆಚ್ಚಾಗಿ ಬೆಳೆಯುವುದು ಆನೆಕಾಲು ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆ. ಡೆಂಗ್ಯೂ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಇಜಿಪ್ಟೈಗೆ ಬೇಕಿರುವುದು ಮನೆಯೊಳಗಿನ, ಮನೆ ಪಕ್ಕದ ತಿಳಿನೀರು. ಅದು ಮೊಟ್ಟೆಯನ್ನು ನೀರಿನೊಳಗೆ ಇಡುವುದಿಲ್ಲ, ನೀರಿನ ಅಂಚಿಗಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ನೀರು ಖಾಲಿಯಾಗಿ ಪಾತ್ರೆ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಹಾಗಾಗಿ ‘ಖಾಲಿ ಮಾಡಿ’ ಎಂದಷ್ಟೇ ಹೇಳಿದರೆ ಅರ್ಧ ಮಾತು. ‘ಒಳಗೋಡೆ ತಿಕ್ಕಿ ತೊಳೆಯಿರಿ’ ಎಂಬುದು ಉಳಿದರ್ಧ, ಹೆಚ್ಚು ಮುಖ್ಯವಾದದ್ದೂ ಅದೇ. ಬೆಚ್ಚನೆಯ ವಾತಾವರಣದಲ್ಲಿ ಮೊಟ್ಟೆ ಒಡೆದು ಸೊಳ್ಳೆ ಹಾರಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ತೊಳೆಯಿರಿ ಎನ್ನುವುದು ಈ ಲೆಕ್ಕದಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಮಂದಿ ಡೆಂಗ್ಯೂ ತಡೆಗೆ ಬಳಸಿದ ‘ಕಾಂಬಿ’ ಎಂಬ ಸಂವಹನ ಯೋಜನಾ ಕ್ರಮದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಯಾರು, ಯಾವ ಕೆಲಸವನ್ನು, ಎಲ್ಲಿ, ಯಾವಾಗ ಮಾಡಬೇಕು ಎಂದು ನಿಗದಿಯಾಗುವ ತನಕ ಪೋಸ್ಟರು, ಕರಪತ್ರ, ಟೀಶರ್ಟು ಯಾವುದನ್ನೂ ಮಾಡಿಸಬಾರದು. ನಮ್ಮಲ್ಲಿ ನಡೆಯುವುದು ಇದರ ತಿರುಗುಮುರುಗು. ಮೇ 16 ರಾಷ್ಟ್ರೀಯ ಡೆಂಗ್ಯೂ ದಿನ ಹತ್ತಿರ ಬಂದಾಗ ಬ್ಯಾನರು ಮೊದಲು ಸಿದ್ಧ.

ಮೇಲಿನಂಥ ಊರಿಗೆ ಗುರಿಯನ್ನು ಹೀಗೆ ಬರೆಯಬಹುದು: ‘ನಳ ಬಿಡುವ ದಿನ, ಹೊಸ ನೀರು ತುಂಬುವ ಮೊದಲು, ಮನೆಯವರು ಬಳಕೆ ನೀರಿನ ಪ್ರತಿ ಡ್ರಮ್ಮು, ತೊಟ್ಟಿಯ ಒಳಗೋಡೆಯನ್ನು ತೆಂಗಿನ ನಾರು ಅಥವಾ ಗಟ್ಟಿ ಬ್ರಷ್ಷಿನಿಂದ ತಿಕ್ಕಿ, ತೊಳೆದ ನೀರನ್ನು ಒಣ ನೆಲಕ್ಕೆ ಚೆಲ್ಲಬೇಕು.’ ಶುಕ್ರವಾರ ‘ಒಣದಿನ’ (ಪಾತ್ರೆಗಳನ್ನು ಖಾಲಿ ಮಾಡಿ ಒಣಗಿಸುವ ದಿನ) ಎಂದು ಎಲ್ಲ ಊರಿಗೂ ಒಂದೇ ದಿನ ಗೊತ್ತುಮಾಡುವುದಕ್ಕಿಂತ ಇದು ವಾಸಿ, ಏಕೆಂದರೆ ನಳ ಬಿಡುವ ಹೊತ್ತಿಗೆ ಡ್ರಮ್ಮು ಹೇಗೂ ತಳ ಕಂಡಿರುತ್ತದೆ, ಚೆಲ್ಲಲು ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ನೀರು ಬಿಡುವ ವಾಟರ್‌ಮನ್ ಇಲ್ಲಿ ವೈದ್ಯರಿಗಿಂತ ದೊಡ್ಡ ಸಂವಹನಕಾರ. ಹಿಂದಿನ ಸಂಜೆಯೇ ‘ನಾಳೆ ಇಂಥ ಓಣಿಗೆ ನೀರು, ಡ್ರಮ್ಮು ತಿಕ್ಕಿಟ್ಟಿರಿ’ ಎಂದು ಕಸದ ಗಾಡಿಯ ಮೈಕಿನಲ್ಲೋ ಡಂಗುರದಲ್ಲೋ ಸಾರಿಸಿದರೆ ಓಣಿಗೆ ಓಣಿಯೇ ಒಂದೇ ದಿನ ತೊಳೆಯುತ್ತದೆ. ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಸುಳಿಯುವುದರಿಂದ ಅಕ್ಕಪಕ್ಕದವರು ಒಟ್ಟಿಗೆ ತೊಳೆಯುವುದಕ್ಕೆ ಬೆಲೆಯಿದೆ.

ಎಡವುವ ಜಾಗಗಳು ಇಲ್ಲಿವೆ. 200 ಲೀಟರಿನ ಡ್ರಮ್ಮು ಅರ್ಧ ತುಂಬಿದ್ದರೂ ನೂರು ಕಿಲೋ. ನೀರಿನ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ‘ಬಗ್ಗಿಸಿ ತೊಳೆಯಿರಿ’ ಎನ್ನುವ ಮುನ್ನ ಇದು ತಲೆಯಲ್ಲಿರಲಿ. ಪೈಪಿನಿಂದ ನೀರು ಎಳೆದು ಇಳಿಸುವುದನ್ನು ತೋರಿಸಿ, ಮನೆಯ ಗಂಡಸರಿಗೂ ಆ ದಿನದ ಕೆಲಸ ಹಂಚಿ. ನೀರು ಉಳಿದಿದೆ, ಚೆಲ್ಲಲು ಮನಸ್ಸಿಲ್ಲ ಎಂದರೆ ಹಳೆ ಪಂಚೆಯನ್ನು ಎರಡು ಪದರ ಮಾಡಿ ಬೇರೆ ಪಾತ್ರೆಗೆ ಸೋಸಿ, ಡ್ರಮ್ಮು ತಿಕ್ಕಿ, ಅದೇ ನೀರನ್ನು ವಾಪಸು ಸುರಿಯಬಹುದು. ಬಟ್ಟೆಯಲ್ಲಿ ಉಳಿದ ಹುಳವನ್ನು (ಮೊಟ್ಟೆಯೊಡೆದು ಬಂದ ಸೊಳ್ಳೆಮರಿ, ಅಂದರೆ ಲಾರ್ವಾ) ಬಿಸಿಲಿಗೆ ಕೊಡವಿದರಾಯಿತು. ಮುಚ್ಚಳದ ವಿಷಯದಲ್ಲಿ, ಸೊಟ್ಟಗಿರುವ ತಗಡು ಇಟ್ಟರೆ ಸೊಳ್ಳೆಗೆ ನೆರಳೂ ಸಿಕ್ಕಿತು, ದಾರಿಯೂ ಸಿಕ್ಕಿತು. ಬಟ್ಟೆ ಹೊದಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟುವುದು ಮೇಲು, ಆದರೆ ಬಟ್ಟೆ ಜೋತು ನೀರಿಗೆ ತಾಗಬಾರದು. ಒದ್ದೆ ಬಟ್ಟೆಯ ಮೇಲೂ ಸೊಳ್ಳೆ ಮೊಟ್ಟೆ ಇಡಬಲ್ಲದು.

ಮಾತಿಗಿಂತ ಹುಳ ತೋರಿಸುವುದು ಬೇಗ ನಾಟುತ್ತದೆ. ಡ್ರಮ್ಮಿನ ಹತ್ತಿರ ಹೋಗುವಾಗ ನೆರಳು ಬೀಳದಂತೆ ನಿಲ್ಲಬೇಕು. ನೆರಳು ಬಿದ್ದರೆ, ಡ್ರಮ್ಮು ಅಲುಗಿದರೆ ಲಾರ್ವಾಗಳು ತಳಕ್ಕೆ ಇಳಿಯುತ್ತವೆ, ‘ಏನೂ ಇಲ್ಲವಲ್ಲ’ ಎಂದು ಎಲ್ಲರೂ ನಂಬುತ್ತಾರೆ. ಟಾರ್ಚಿನ ಬೆಳಕು ಹಾಯಿಸಿ ಎರಡು ಮೂರು ನಿಮಿಷ ಕಾಯಿರಿ, ಉಸಿರಾಡಲು ಮೇಲೆ ಬಂದೇ ಬರುತ್ತವೆ. ಅಂಚಿನಿಂದ ಸೌಟಿನಲ್ಲಿ ತೆಗೆದು ಬಿಳಿ ಬಟ್ಟಲಿಗೆ ಹಾಕಿ. ತಲೆ ಕೆಳಗಾಗಿ ಓರೆಯಾಗಿ ನೇತಾಡುವುದು ಈಡಿಸ್ ಅಥವಾ ಕ್ಯೂಲೆಕ್ಸ್ (ಈಡಿಸ್‌ನ ಉಸಿರುನಳಿಕೆ ಗಿಡ್ಡ), ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದಂತಿರುವುದು ಮಲೇರಿಯಾದ ಅನಾಫಿಲಿಸ್, ಅಲ್ಪವಿರಾಮ ಚಿಹ್ನೆಯ ಆಕಾರದ್ದು ಪ್ಯೂಪಾ, ಅಂದರೆ ಲಾರ್ವಾ ಸೊಳ್ಳೆಯಾಗುವ ಮುಂಚಿನ ಹಂತ. ಪ್ಯೂಪಾ ಕಂಡರೆ ಎರಡು ದಿನದೊಳಗೆ ಸೊಳ್ಳೆ ಎಂದು ಲೆಕ್ಕ. ಬಟ್ಟಲನ್ನು ಅಜ್ಜಿ, ಮಕ್ಕಳ ಕೈಗೇ ಕೊಡಿ.

ಮಾತು ಶುರು ಮಾಡುವುದು ಪ್ರಶ್ನೆಯಿಂದ. ‘ಅಕ್ಕಾರ, ನಳ ಯಾವಾಗ ಬರತೈತ್ರಿ? ಈ ಡ್ರಮ್ಮು ಕಡೀ ಸಲ ತಿಕ್ಕಿದ್ದು ಯಾವಾಗ್ರಿ?’ ಎಂದರೆ ಉತ್ತರದಲ್ಲೇ ಆ ಮನೆಯ ತೊಡಕು ಗೊತ್ತಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಗ್ರಾಮೀಣ ಪ್ರದೇಶದಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯ ಬಾಯಲ್ಲಿ ಈ ಮಾತು ಬಾರದಿರುವುದೇ ಒಳ್ಳೆಯದು. ದಂಡದ ಹೆಸರು ಕೇಳಿದ ಮನೆಯವರು ಮುಂದಿನ ಸಲ ಹಿತ್ತಲಿಗೆ ಬಿಡುವುದಿಲ್ಲ.

ಔಷಧಿಯ ಬಗ್ಗೆ ಎರಡು ಗೊಂದಲ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವಲ್ಲ ಎನ್ನುತ್ತಾರೆ. ಕುಡಿಯುವ ನೀರಿಗೆ ಹಾಕುವಷ್ಟು ಕ್ಲೋರಿನ್ನಿಗೆ ಲಾರ್ವಾ ಸಾಯುವುದಿಲ್ಲ. ಇನ್ನೊಂದು ಲಾರ್ವಾ ಕೊಲ್ಲಲು ನೀರಿಗೆ ಹಾಕುವ ಟೆಮಿಫಾಸ್. ಇದರ ಪ್ರಮಾಣ 1 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು. ಶೇ. 1ರ ಹರಳಾದರೆ 10 ಲೀಟರಿಗೆ 1 ಗ್ರಾಂ, ಅಂದರೆ 200 ಲೀಟರಿನ ಡ್ರಮ್ಮಿಗೆ 20 ಗ್ರಾಂ. ಶೇ. 50ರ ದ್ರವವಾದರೆ ಅದೇ ಡ್ರಮ್ಮಿಗೆ ಬೇಕಾಗುವುದು ಬರೀ 0.4 ಮಿ.ಲೀ. ಇಷ್ಟು ಸಣ್ಣ ಅಳತೆ ಬಾಟಲಿಯಿಂದ ನೇರ ಸುರಿದರೆ ಸಿಗದು, ಮೊದಲು ನೀರಿನಲ್ಲಿ ತೆಳುಮಾಡಿಯೇ ಹಾಕಬೇಕು. ಫಾಗಿಂಗ್ ಹೊಗೆ ಆ ಹೊತ್ತಿಗೆ ಹಾರುತ್ತಿದ್ದ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಡ್ರಮ್ಮಿನೊಳಗಿನ ಹುಳ ಹಾಗೇ ಇರುತ್ತದೆ.

ಮಲೇರಿಯಾ ಪ್ರಚಾರದಿಂದ ಜನ ‘ರಾತ್ರಿ ಸೊಳ್ಳೆಪರದೆ’ ಎಂಬುದನ್ನು ಚೆನ್ನಾಗಿ ಕಲಿತಿದ್ದಾರೆ. ಈಡಿಸ್ ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ. ಹಗಲು ಮಲಗುವ ಕೂಸು, ಬಾಣಂತಿ, ಜ್ವರದವರಿಗೆ ಆಗಲೂ ಪರದೆ ಕಟ್ಟಬೇಕು. ಜ್ವರದವರಿಗೆ ಕಟ್ಟುವುದು ಮನೆಯ ಉಳಿದವರ ಸಲುವಾಗಿ, ಅವರನ್ನು ಕಚ್ಚಿದ ಸೊಳ್ಳೆ ಉಳಿದವರಿಗೆ ರೋಗ ಹರಡದಿರಲೆಂದು.

ಜ್ವರ ಬಂದಾಗಿನ ಸಂದೇಶದಲ್ಲಿ ಮುಖ್ಯವಾಗಿ ತಪ್ಪುವುದು ಒಂದೇ ಕಡೆ: ‘ಜ್ವರ ಬಿಟ್ಟಿತು, ಇನ್ನು ಚಿಂತೆಯಿಲ್ಲ’ ಎಂಬಲ್ಲಿ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಸಾಮಾನ್ಯವಾಗಿ 3ರಿಂದ 7ನೇ ದಿನ, ಜ್ವರ ಇಳಿಯುವಾಗಲೇ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು, ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆ ಆಸ್ಪತ್ರೆಗೆ. ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಸೂಜಿ, ಐಬುಪ್ರೊಫೇನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಪ್ಯಾರಾಸಿಟಮಾಲ್ ಮಾತ್ರ. ‘ಒಂದು ಸೂಜಿ ಹಾಕ್ರಿ’ ಎಂದು ಕೇಳುವ ರೂಢಿ ಗಟ್ಟಿಯಾಗಿರುವ ಊರಲ್ಲಿ ಈ ಸಾಲನ್ನು ಔಷಧಿ ಅಂಗಡಿಯವರಿಗೂ ಹೇಳಬೇಕು. ಎನ್‌ಎಸ್1 ಎಂಬ ಡೆಂಗ್ಯೂ ರಕ್ತಪರೀಕ್ಷೆ ಜ್ವರದ ಮೊದಲ ಐದು ದಿನಗಳಲ್ಲಿ, ಆಮೇಲೆ ಐಜಿಎಂ ಎಂಬ ರಕ್ತಪರೀಕ್ಷೆ.

ಕೆಲಸ ಅಳೆಯುವುದು ಹಂಚಿದ ಕರಪತ್ರದಿಂದಲ್ಲ. ಉದಾಹರಣೆಗೆ 80 ಮನೆಗಳ 240 ಪಾತ್ರೆ ನೋಡಿದಾಗ 8 ಮನೆಗಳ 12 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತೆನ್ನೋಣ. ನೂರು ಮನೆಯಲ್ಲಿ ಎಷ್ಟು ಮನೆಯಲ್ಲಿ ಲಾರ್ವಾ ಎಂಬ ಮನೆ ಸೂಚ್ಯಂಕ 10, ನೂರು ಪಾತ್ರೆಯಲ್ಲಿ ಎಷ್ಟರಲ್ಲಿ ಎಂಬ ಪಾತ್ರೆ ಸೂಚ್ಯಂಕ 5, ನೂರು ಮನೆಗೆ ಲಾರ್ವಾ ಇರುವ ಪಾತ್ರೆ ಎಷ್ಟು ಎಂಬ ಬ್ರೆಟೊ ಸೂಚ್ಯಂಕ 15. ಪ್ರಚಾರದ ಮುಂಚೆ ಒಮ್ಮೆ, ಮೂರ್ನಾಲ್ಕು ವಾರ ಬಿಟ್ಟು ಒಮ್ಮೆ ಎಣಿಸಿ. ಪಾತ್ರೆಯ ಬಗೆಯನ್ನೂ ಬರೆದಿಡಿ. ಡ್ರಮ್ಮು ಕಡಿಮೆಯಾಗಿ ದನದ ಬಾನಿ, ತಗಡಿನ ಮೇಲಿಟ್ಟ ಟೈರು, ಅಂಗಳದ ಒರಳುಕಲ್ಲು ಉಳಿದಿದ್ದರೆ ಮುಂದಿನ ವಾರದ ಮಾತು ಅವುಗಳ ಬಗ್ಗೆ. ಒಂದೇ ತೊಟ್ಟಿಯಲ್ಲಿ ಪ್ರತಿ ಸಲವೂ ಹುಳ ಸಿಗುತ್ತಿದ್ದರೆ ಆ ಮನೆಯವರಿಗೆ ಮತ್ತೆ ಉಪದೇಶ ಬೇಡ. ತಳದಲ್ಲಿ ನೀರು ಹೊರಹೋಗುವ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಅದನ್ನು ಪೂರ್ತಿ ಖಾಲಿ ಮಾಡಲು ಯಾರಿಂದಲೂ ಆಗದು, ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡುವುದೇ ಸರಿ. ಮೀನು ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಹಾಕಬಾರದೆಂದು ವಾಟರ್‌ಮನ್‌ಗೂ ತಿಳಿಸಿ, ಮಿಕ್ಕ ಮೀನನ್ನು ಊರ ಕೆರೆಗೆ ಸುರಿಯಬೇಡಿ.