ಆರನೇ ಮನೆ ಕೇಳಿದರೆ ಐದೂವರೆ ಯಾಕೆ ಬರುತ್ತದೆ?

ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೊಸದಾಗಿ ಬಂದವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ. ಇಷ್ಟೊಂದು ಮಾಡ್ಯುಲರ್ ಸಿಂಥ್ ಸಾಫ್ಟ್‌ವೇರ್ ಇವೆಯಲ್ಲ, ಯಾವುದು ಒಳ್ಳೆಯದು? ವಿಸಿವಿ ರ‍್ಯಾಕ್, ಪ್ಯೂರ್ ಡೇಟಾ, ರಿಯಾಕ್ಟರ್, ಬಿಟ್‌ವಿಗ್‌ನ ಗ್ರಿಡ್. ಹೋಲಿಸುವವರು ಮಾಡ್ಯೂಲ್ ಎಷ್ಟಿವೆ, ಬೆಲೆ ಎಷ್ಟು, ನೋಡೋಕೆ ಹೇಗಿದೆ ಅಂತ ಪಟ್ಟಿ ಕೊಡುತ್ತಾರೆ. ಅದು ಬೇಕು, ನಿಜ. ಆದರೆ ಇವುಗಳ ನಿಜವಾದ ವ್ಯತ್ಯಾಸ ಪರದೆಯ ಮೇಲೆ ಕಾಣುವುದಿಲ್ಲ. ಒಂದು ಮಾಡ್ಯೂಲಿನಿಂದ ಹೊರಟ ಶಬ್ದ ಮುಂದಿನದಕ್ಕೆ ಎಷ್ಟು ಹೊತ್ತಿಗೆ ತಲುಪುತ್ತದೆ ಎನ್ನುವುದರಲ್ಲಿ ಅದು ಅಡಗಿದೆ. ಅದನ್ನು ಕಿವಿಯಲ್ಲೇ ಕೇಳಬಹುದು. ಅಳೆಯಲೂಬಹುದು.

ಮೊದಲು ಮಾಡ್ಯುಲರ್ ಅಂದ್ರೆ ಏನು ಅಂತ ನೋಡೋಣ. ಸಿಂಥಸೈಸರ್ ಅಂದ ಕೂಡಲೇ ಕಣ್ಣೆದುರು ಬರುವುದು ಕೀಬೋರ್ಡ್. ಮಾಡ್ಯುಲರ್‌ನಲ್ಲಿ ಕೀಬೋರ್ಡ್ ಕಡ್ಡಾಯವೇನಲ್ಲ. ಸ್ವರ ಹುಟ್ಟಿಸುವ ಆಸಿಲೇಟರ್ ಒಂದು ಪೆಟ್ಟಿಗೆ, ಅದರ ಬಣ್ಣ ಬದಲಿಸುವ ಫಿಲ್ಟರ್ ಇನ್ನೊಂದು, ಸದ್ದು ಏರಿಸಿ ಇಳಿಸುವ ಆಂಪ್ಲಿಫೈಯರ್ ಮತ್ತೊಂದು. ಈ ಒಂದೊಂದು ಪೆಟ್ಟಿಗೆಯೂ ಒಂದು ಮಾಡ್ಯೂಲ್. ಇವನ್ನು ಕೇಬಲ್ಲುಗಳಿಂದ ಹೇಗೆ ಬೇಕಾದರೂ ಜೋಡಿಸಬಹುದು. ಆ ಜೋಡಣೆಗೆ ಪ್ಯಾಚ್ ಅನ್ನುತ್ತಾರೆ. 1960ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೂಗ್ ಮತ್ತು ಡಾನ್ ಬುಕ್ಲಾ ಬೇರೆ ಬೇರೆಯಾಗಿಯೇ ಇಂಥ ಯಂತ್ರಗಳನ್ನು ಕಟ್ಟಿದರು. 1969ರಲ್ಲಿ ಮೂಗ್ ಯಂತ್ರವೊಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂತು. ನ್ಯೂಯಾರ್ಕಿನ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಅಲ್ಲಿ ಸ್ಟುಡಿಯೋ ನಿಲ್ಲಿಸಲು ನೆರವಾದರು. ಅಷ್ಟು ಹಿಂದೆಯೇ ನಮ್ಮ ದೇಶದ ಹುಡುಗರು ಕೇಬಲ್ ಚುಚ್ಚಿ ಸಂಗೀತ ಮಾಡುತ್ತಿದ್ದರು ಎಂಬುದು ನನಗೆ ಈಗಲೂ ರೋಮಾಂಚನ ತರುವ ಸಂಗತಿ.

ಆ ಯಂತ್ರಗಳಲ್ಲಿ ಕೇಬಲ್ ಒಳಗೆ ಓಡುವುದು ವಿದ್ಯುತ್ತಿನ ವೋಲ್ಟೇಜ್. ಮೂಗ್ ಯಂತ್ರಗಳಲ್ಲಿ ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೆ ಹೋಗುತ್ತದೆ. ವಿಸಿವಿ ರ‍್ಯಾಕ್ ಈ ಲೆಕ್ಕವನ್ನು ಹಾಗೇ ಉಳಿಸಿಕೊಂಡಿದೆ. ಅಲ್ಲಿ 0 ವೋಲ್ಟ್ ಅಂದ್ರೆ 261.63 ಹರ್ಟ್ಜ್, ಅಂದರೆ ಹಾರ್ಮೋನಿಯಂ ಮನೆಗಳನ್ನು ಎಣಿಸುವ ನಮ್ಮ ಲೆಕ್ಕದಲ್ಲಿ ಒಂದನೇ ಮನೆ. 0.75 ವೋಲ್ಟ್ ಕೊಟ್ಟರೆ 440 ಹರ್ಟ್ಜ್, ಆರನೇ ಮನೆ. ನಡುವೆ ಕಟ್ಟೆ ಕಟ್ಟಿಲ್ಲ, ವೋಲ್ಟೇಜ್ ಜಾರಿದಂತೆ ಸ್ವರವೂ ಜಾರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ತುಂಬ ಹಿತ.

ಕಂಪ್ಯೂಟರಿನಲ್ಲಿ ವೋಲ್ಟೇಜ್ ಇಲ್ಲ, ಬರೀ ಅಂಕಿಗಳ ಸಾಲು. ಸಾಮಾನ್ಯವಾಗಿ ಸೆಕೆಂಡಿಗೆ 44,100 ಅಂಕಿ. ಒಂದೊಂದು ಅಂಕಿಯೂ ಒಂದು ಸ್ಯಾಂಪಲ್. ಮಾಡ್ಯೂಲುಗಳು ಈ ಸ್ಯಾಂಪಲ್‌ಗಳನ್ನು ಒಂದರಿಂದ ಒಂದಕ್ಕೆ ದಾಟಿಸಬೇಕು. ಮನೆ ಕಟ್ಟುವಲ್ಲಿ ಕೆಲಸದವರು ಸಾಲಾಗಿ ನಿಂತು ಇಟ್ಟಿಗೆ ದಾಟಿಸುತ್ತಾರಲ್ಲ, ಹಾಗೆ. ಒಂದೊಂದೇ ಇಟ್ಟಿಗೆಯನ್ನು ಕೈಯಿಂದ ಕೈಗೆ ಕೊಡಬಹುದು. ಇಲ್ಲವೇ ಅರವತ್ತನಾಲ್ಕು ಇಟ್ಟಿಗೆ ಬುಟ್ಟಿಗೆ ತುಂಬಿ ಬುಟ್ಟಿಯನ್ನೇ ದಾಟಿಸಬಹುದು. ವಿಸಿವಿ ರ‍್ಯಾಕ್‌ನದು ಮೊದಲ ದಾರಿ. ಪ್ಯೂರ್ ಡೇಟಾದ್ದು ಎರಡನೆಯದು.

ಎರಡೂ ದಾರಿಗೆ ಅವುಗಳದೇ ಆದ ಹಿನ್ನೆಲೆ ಇದೆ. ಪ್ಯೂರ್ ಡೇಟಾ ಬರೆದವರು ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸಿನ ಇರ್ಕಾಮ್ ಸಂಸ್ಥೆಯಲ್ಲಿ ಅವರು ಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಬರೆದಿದ್ದರು. 1957ರಲ್ಲೇ ಬೆಲ್ ಲ್ಯಾಬ್ಸ್‌ನಲ್ಲಿ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಅದಕ್ಕೆ ಇಟ್ಟದ್ದು. 1996ರ ಹೊತ್ತಿಗೆ ಪಕೆಟ್ ಎಲ್ಲರಿಗೂ ಮುಕ್ತವಾಗಿ ಸಿಗುವ ಪ್ಯೂರ್ ಡೇಟಾ ತಂದರು. ಆಗಿನ ಕಂಪ್ಯೂಟರುಗಳಿಗೆ ಶಕ್ತಿ ಕಮ್ಮಿ. ಪ್ರತಿ ಸ್ಯಾಂಪಲ್‌ಗೂ ಪ್ರತಿ ಮಾಡ್ಯೂಲನ್ನು ಎಬ್ಬಿಸುತ್ತಾ ಕೂತರೆ ಸಂಗೀತ ತುಂಡು ತುಂಡಾಗುತ್ತಿತ್ತು. ಹಾಗಾಗಿ 64ರ ಕಟ್ಟು. ವಿಸಿವಿ ರ‍್ಯಾಕ್ ಬಂದದ್ದು 2017ರಲ್ಲಿ. ಅದರ ಕರ್ತೃ ಆಂಡ್ರ್ಯೂ ಬೆಲ್ಟ್ ಅವರ ಗುರಿ ನಿಜವಾದ ಯಂತ್ರದ ಹತ್ತಿರಕ್ಕೆ ಹೋಗುವುದು. ಅದಕ್ಕೇ ಒಂದೊಂದೇ ಸ್ಯಾಂಪಲ್.

ಈಗ ತಂತಿ ಮೀಟೋಣ. 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಒಂದು ಸರಳ ಉಪಾಯ ಪ್ರಕಟಿಸಿದರು. ಚಿಟಿಕೆಯಷ್ಟು ಗೊರಗೊರ ಸದ್ದನ್ನು ಒಂದು ಡಿಲೇಗೆ, ಅಂದರೆ ಸದ್ದನ್ನು ಸ್ವಲ್ಪ ತಡೆದು ಬಿಡುವ ಮಾಡ್ಯೂಲಿಗೆ ಹಾಕಿ. ಹೊರಬಂದದ್ದನ್ನು ಫಿಲ್ಟರಿನಲ್ಲಿ ತುಸು ಮಂದ ಮಾಡಿ ಮತ್ತೆ ಅದೇ ಡಿಲೇಗೆ ಕೊಡಿ. ಅಷ್ಟೇ. ಆ ಗೊರಗೊರ ಸುತ್ತು ಹಾಕುತ್ತಾ ಹಾಕುತ್ತಾ ಮೀಟಿದ ತಂತಿಯ ನಾದವಾಗುತ್ತದೆ. ಮೊದಲ ಸಲ ಕೇಳಿದವರು ನಂಬುವುದೇ ಇಲ್ಲ. ತಂತಿಯ ರೆಕಾರ್ಡಿಂಗ್ ಎಲ್ಲೂ ಇಲ್ಲ, ತಂತಿಯೂ ಇಲ್ಲ, ಒಂದು ಸುತ್ತು ಮಾತ್ರ ಇದೆ. ಆ ಸುತ್ತು ಮುಗಿಯಲು ಎಷ್ಟು ಹೊತ್ತು ಬೇಕೋ ಅದೇ ಸ್ವರವನ್ನು ತೀರ್ಮಾನಿಸುತ್ತದೆ. 440 ಹರ್ಟ್ಜ್ ಬೇಕಾದರೆ ಸುತ್ತು ಸುಮಾರು 100.2 ಸ್ಯಾಂಪಲ್ ಉದ್ದ ಇರಬೇಕು.

ವಿಸಿವಿ ರ‍್ಯಾಕ್‌ನಲ್ಲಿ ಇದನ್ನು ಕಟ್ಟಿ ನೋಡಿ. ಗೊರಗೊರ ಸದ್ದನ್ನೂ ಸುತ್ತಿ ಬಂದದ್ದನ್ನೂ ಕೂಡಿಸುವ ಮಿಕ್ಸರಿನಿಂದ ಡಿಲೇಗೆ ಒಂದು ಕೇಬಲ್, ಡಿಲೇಯಿಂದ ಫಿಲ್ಟರಿಗೆ ಒಂದು, ಫಿಲ್ಟರಿನಿಂದ ಮತ್ತೆ ಮಿಕ್ಸರಿಗೆ ಒಂದು. ಒಟ್ಟು ಮೂರು. ರ‍್ಯಾಕ್‌ನಲ್ಲಿ ಪ್ರತಿ ಕೇಬಲ್ ಒಂದು ಸ್ಯಾಂಪಲ್ ತಡ ಮಾಡುತ್ತದೆ. ಡಿಲೇ ಮಾಡ್ಯೂಲ್ ನಾವು ಹೇಳಿದಷ್ಟೇ ತಡೆಯುತ್ತದೆ ಎಂದುಕೊಂಡರೂ ಸುತ್ತಿಗೆ ಮೂರು ಸ್ಯಾಂಪಲ್ ಜಾಸ್ತಿಯಾಯಿತು. ಕಾಲದ ಲೆಕ್ಕದಲ್ಲಿ ಅದು 68 ಮೈಕ್ರೋಸೆಕೆಂಡ್. ಒಂದು ಸೆಕೆಂಡಿನ ಹದಿನೈದು ಸಾವಿರದಲ್ಲಿ ಒಂದು ಭಾಗಕ್ಕೂ ಹತ್ತಿರ! ಇದು ಯಾರಿಗೆ ಕೇಳಿಸುತ್ತದೆ ಅಂತ ಅನಿಸಬಹುದು, ಅಲ್ವಾ?

ಕೇಳಿಸುತ್ತದೆ. ಪಕ್ಕಪಕ್ಕದ ಎರಡು ಸ್ವರಗಳ ಅಂತರವನ್ನು, ಅಂದರೆ ಅರ್ಧ ಮನೆಯನ್ನು, ನೂರು ಸೆಂಟ್ ಅಂತ ಭಾಗ ಮಾಡುವುದು ವಾಡಿಕೆ. 110 ಹರ್ಟ್ಜ್ ಸ್ವರದಲ್ಲಿ ಈ ಮೂರು ಸ್ಯಾಂಪಲ್ ತರುವ ಇಳಿತ 13 ಸೆಂಟ್. 220ರಲ್ಲಿ 26. 440ರಲ್ಲಿ 51. 880ಕ್ಕೆ ಹೋದರೆ 101 ಸೆಂಟ್. ಅಂದರೆ ಮೇಲಿನ ಸ್ಥಾಯಿಯ ಆರನೇ ಮನೆ ಕೇಳಿದ್ದಕ್ಕೆ ಐದೂವರೆ ಬಂದಿರುತ್ತದೆ. ತಡ ಬದಲಾಗಿಲ್ಲ, ಎಲ್ಲೆಡೆಯೂ ಅದೇ 68 ಮೈಕ್ರೋಸೆಕೆಂಡ್. ಆದರೆ ಕಿವಿ ಅನುಪಾತವನ್ನು ಗ್ರಹಿಸುತ್ತದೆ. ಮಂದ್ರದ ಉದ್ದನೆಯ ಸುತ್ತಿನಲ್ಲಿ ಮೂರು ಸ್ಯಾಂಪಲ್ ಲೆಕ್ಕಕ್ಕಿಲ್ಲ, ತಾರದ ಪುಟ್ಟ ಸುತ್ತಿನಲ್ಲಿ ಅದೇ ದೊಡ್ಡ ಪಾಲು.

ಇಲ್ಲಿ ಒಂದು ಬಲೆ ಇದೆ. ಶ್ರುತಿ ಇಳಿದಿದೆ ಎಂದು ಗುಂಡಿ ತಿರುಗಿಸಿ 440ಕ್ಕೆ ಸರಿ ಮಾಡಿಕೊಂಡರೆ 110 ಏರುತ್ತದೆ, 880 ಇನ್ನೂ ಇಳಿದೇ ಇರುತ್ತದೆ. ಗುಂಡಿ ಅನುಪಾತವನ್ನು ಬದಲಿಸುತ್ತದೆ, ತಪ್ಪಿರುವುದು ಕಾಲದಲ್ಲಿ. ಸರಿಯಾದ ಮದ್ದು ಡಿಲೇಯ ಸಮಯದಿಂದಲೇ ಮೂರು ಸ್ಯಾಂಪಲ್ ಕಳೆಯುವುದು. ನಾಳೆ ಆ ಸುತ್ತಿನೊಳಗೆ ಇನ್ನೊಂದು ಮಾಡ್ಯೂಲ್ ಸೇರಿಸಿದರೆ ಮೂರು ಹೋಗಿ ನಾಲ್ಕಾಗುತ್ತದೆ, ಲೆಕ್ಕ ಮತ್ತೆ ಹಾಕಬೇಕು. ಫಿಲ್ಟರ್ ತಾನಾಗಿ ಸೇರಿಸುವ ತಡ ಇದರ ಮೇಲೆ ಬೇರೆ. ಅದು ಯಾವ ಸಾಫ್ಟ್‌ವೇರ್‌ನಲ್ಲೂ ತಪ್ಪಿದ್ದಲ್ಲ.

ಪ್ಯೂರ್ ಡೇಟಾದಲ್ಲಿ ಕಥೆಯೇ ಬೇರೆ. ಅಲ್ಲಿ ನೇರವಾಗಿ ಕೇಬಲ್ ಎಳೆದು ಸುತ್ತು ಕಟ್ಟಲು ಹೋದರೆ ಒಪ್ಪುವುದಿಲ್ಲ, ತಪ್ಪು ತೋರಿಸುತ್ತದೆ. ಬುಟ್ಟಿ ತುಂಬುವ ಮೊದಲೇ ಅದರೊಳಗಿನ ಇಟ್ಟಿಗೆ ಬೇಕು ಅಂದ್ರೆ ಎಲ್ಲಿಂದ ತರುವುದು? ಬರೆಯುವುದಕ್ಕೊಂದು, ಓದುವುದಕ್ಕೊಂದು ಎಂದು ಡಿಲೇಯನ್ನು ಎರಡು ಭಾಗ ಮಾಡಿ ಸುತ್ತು ಕಟ್ಟಬೇಕು. ಹಾಗೆ ಕಟ್ಟಿದರೆ ಮಂದ್ರದ ಸ್ವರಗಳು ಅಚ್ಚುಕಟ್ಟಾಗಿ ಬರುತ್ತವೆ, ರ‍್ಯಾಕ್‌ನ ಇಳಿತ ಇಲ್ಲಿಲ್ಲ. ಆದರೆ ಸುತ್ತು 64 ಸ್ಯಾಂಪಲ್‌ಗಿಂತ ಚಿಕ್ಕದಾಗುವಂತಿಲ್ಲ. 44,100ನ್ನು 64ರಿಂದ ಭಾಗಿಸಿ, 689 ಬರುತ್ತದೆ. ತಂತಿಯ ಸ್ವರ 689 ಹರ್ಟ್ಜ್‌ಗೆ ಬಂದು ನಿಲ್ಲುತ್ತದೆ. ಅದರಾಚೆಗೆ ಏನು ಕೇಳಿದರೂ ಅದೇ ಸ್ವರ. ಒಂದರಲ್ಲಿ ಮೆಲ್ಲಗೆ ಜಾರುವ ಇಳಿಜಾರು, ಇನ್ನೊಂದರಲ್ಲಿ ಗೋಡೆ. ಗೋಡೆ ದಾಟಲು ಪ್ಯೂರ್ ಡೇಟಾದಲ್ಲೂ ದಾರಿಯಿದೆ. ಸುತ್ತು ಇರುವ ಒಳಪ್ಯಾಚಿಗೆ ಮಾತ್ರ ಕಟ್ಟಿನ ಅಳತೆಯನ್ನು 64ರಿಂದ 1ಕ್ಕೆ ಇಳಿಸಬಹುದು. ಇಡೀ ಪ್ಯಾಚಿಗೆ ಹಾಗೆ ಮಾಡಬೇಡಿ, ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಯಾಕೆ ಅಂತ ಲೆಕ್ಕ ಹಾಕಿದರೆ ತಿಳಿಯುತ್ತದೆ. ಐವತ್ತು ಮಾಡ್ಯೂಲಿನ ಪ್ಯಾಚ್ ಇದೆ ಎನ್ನಿ. ಒಂದೊಂದೇ ಸ್ಯಾಂಪಲ್ ಲೆಕ್ಕದಲ್ಲಿ ಸೆಕೆಂಡಿಗೆ 22 ಲಕ್ಷ ಸಲ ಮಾಡ್ಯೂಲುಗಳನ್ನು ಕರೆಯಬೇಕು. 64ರ ಕಟ್ಟಿನಲ್ಲಿ ಸುಮಾರು 34 ಸಾವಿರ ಸಲ ಸಾಕು. ರ‍್ಯಾಕ್‌ನಲ್ಲಿ ಪ್ಯಾಚ್ ದೊಡ್ಡದಾದಂತೆ ಲ್ಯಾಪ್‌ಟಾಪ್ ಬಿಸಿಯಾಗುವುದು, ಪ್ಯೂರ್ ಡೇಟಾ ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ ಮೇಲೂ ಸಲೀಸಾಗಿ ಓಡುವುದು, ಎರಡಕ್ಕೂ ಇದು ದೊಡ್ಡ ಕಾರಣ.

ರಿಯಾಕ್ಟರ್ ನಡುವಿನ ದಾರಿ ಹಿಡಿದಿದೆ. ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ 1996ರಲ್ಲಿ ಜನರೇಟರ್ ಎಂಬ ಹೆಸರಿನಿಂದ ಶುರು ಮಾಡಿದ್ದು ಇದು. ಇದರ ಕೋರ್ ಎಂಬ ಒಳಪದರದಲ್ಲಿ ಸುತ್ತು ಕಟ್ಟಿದರೆ ಕೇಬಲ್ಲಿಗೊಂದು ತಡ ಬರುವುದಿಲ್ಲ, ಇಡೀ ಸುತ್ತಿಗೆ ಒಂದೇ ಸ್ಯಾಂಪಲ್ ತಡ. ಅದು ಎಲ್ಲಿ ಬಂದಿದೆ ಎಂದು ಗುರುತು ಹಾಕಿಯೂ ತೋರಿಸುತ್ತದೆ. ಎಷ್ಟು ಕಳೆಯಬೇಕು ಅಂತ ಗೊತ್ತಿರುವುದರಿಂದ ಶ್ರುತಿ ಕೂಡಿಸುವುದು ಸುಲಭ. ಹೊಸ ಫಿಲ್ಟರನ್ನೋ ತಂತಿಯನ್ನೋ ತಳದಿಂದ ಕಟ್ಟಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಇದಕ್ಕೆ ದುಡ್ಡು ಕೊಡಬೇಕು, ಕಲಿಯಲು ತಾಳ್ಮೆ ಇನ್ನೂ ಜಾಸ್ತಿ ಬೇಕು.

ಸುತ್ತು ಇಲ್ಲದ ಕಡೆ ಈ ತಡಗಳ ಚಿಂತೆ ಅಷ್ಟಿಲ್ಲ. ಅಲ್ಲಿ ನೋಡಬೇಕಾದದ್ದು ಬೇರೆ. 44,100 ಸ್ಯಾಂಪಲ್‌ಗಳಲ್ಲಿ 22,050 ಹರ್ಟ್ಜ್‌ವರೆಗಿನ ಕಂಪನ ಮಾತ್ರ ಹಿಡಿಸುತ್ತದೆ. ಅದಕ್ಕಿಂತ ಮೇಲಿನದು ಸುಮ್ನೆ ಮಾಯವಾಗುವುದಿಲ್ಲ, ಮಡಚಿಕೊಂಡು ಕೆಳಗೆ ಬರುತ್ತದೆ. ಗರಗಸದ ಆಕಾರದ ಅಲೆ 5,000 ಹರ್ಟ್ಜ್‌ನಲ್ಲಿ ಓಡುತ್ತಿದ್ದರೆ ಅದರ ಎಂಟನೇ ಅನುರಣನ (ಎಂಟು ಪಟ್ಟು ವೇಗದ ಕಂಪನ) 40,000ದಲ್ಲಿರಬೇಕು. ಅದು ಮಡಚಿ 4,100ಕ್ಕೆ ಬಂದು ಕೂರುತ್ತದೆ. ಮೂಲ ಸ್ವರಕ್ಕಿಂತಲೂ ಕೆಳಗೆ! ಶ್ರುತಿಗೆ ಸಂಬಂಧವೇ ಇಲ್ಲದ ಸ್ವರ ಅದು. ಪ್ಯೂರ್ ಡೇಟಾದಲ್ಲಿ ಗರಗಸದ ಅಲೆ ಹುಟ್ಟಿಸುವ ಫೇಸರ್‌ನಲ್ಲಿ ಇದಕ್ಕೆ ತಡೆ ಇಲ್ಲ, ಬೇಕಾದರೆ ನಾವೇ ಕಟ್ಟಿಕೊಳ್ಳಬೇಕು. ರ‍್ಯಾಕ್ ಜೊತೆಗೇ ಬರುವ ಆಸಿಲೇಟರ್‌ನಲ್ಲಿ ಅಲೆಯ ಚೂಪು ಮೂಲೆಗಳನ್ನು ತಿದ್ದಿ ಇದನ್ನು ತುಂಬ ಕಮ್ಮಿ ಮಾಡಿದ್ದಾರೆ. 2019ರಲ್ಲಿ ಬಂದ ಬಿಟ್‌ವಿಗ್‌ನ ಗ್ರಿಡ್ ಇಡೀ ಪ್ಯಾಚನ್ನೇ ನಾಲ್ಕು ಪಟ್ಟು ವೇಗದಲ್ಲಿ ಲೆಕ್ಕ ಹಾಕಿ ಆಮೇಲೆ ಇಳಿಸುತ್ತದೆ. ಗ್ರಿಡ್‌ನಲ್ಲಿ ತಾರಸ್ಥಾಯಿ ತಿಳಿಯಾಗಿ ಕೇಳಲು ಇದು ಒಂದು ಮುಖ್ಯ ಕಾರಣ.

ದುಡ್ಡಿನ ವಿಷಯ ಎರಡೇ ಮಾತು. ಪ್ಯೂರ್ ಡೇಟಾ ಪೂರ್ತಿ ಉಚಿತ. ರ‍್ಯಾಕ್ ಕೂಡ ಸ್ವತಂತ್ರವಾಗಿ ಓಡಿಸಿದರೆ ಉಚಿತ. ಬೇರೆ ಸಂಗೀತ ಸಾಫ್ಟ್‌ವೇರ್ ಒಳಗೆ ಪ್ಲಗಿನ್ ಆಗಿ ಬೇಕಾದರೆ 2021ರಲ್ಲಿ ಬಂದ ಪ್ರೊ ಆವೃತ್ತಿ ಕೊಳ್ಳಬೇಕು. ಕೊಳ್ಳಲಾಗದವರಿಗೆ ಅದೇ ತಳಹದಿಯ ಮೇಲೆ ಕಟ್ಟಿದ ಕಾರ್ಡಿನಲ್ ಎಂಬ ಉಚಿತ ಪ್ಲಗಿನ್ ಇದೆ. ಗ್ರಿಡ್ ಬೇಕಾದರೆ ಬಿಟ್‌ವಿಗ್ ಕೊಳ್ಳಬೇಕು.

ಮೊದಲ ಸಲ ಕಲಿಯುವವರು ರ‍್ಯಾಕ್‌ನಿಂದಲೇ ಶುರು ಮಾಡಲಿ ಎಂದೇ ನನ್ನ ಮಾತು. ಕೇಬಲ್ ಎಳೆದದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿದರೂ ಏನೋ ಒಂದು ಸದ್ದು ಬರುತ್ತದೆ. ತಂತಿಯ ಪ್ಯಾಚ್ ಕಟ್ಟಿ ಶ್ರುತಿ ಸೇರದಿದ್ದರೆ ಸ್ಯಾಂಪಲ್ ರೇಟನ್ನು 44,100ರಿಂದ 96,000ಕ್ಕೆ ಏರಿಸಿ ನೋಡಿ. ಮೂರು ಸ್ಯಾಂಪಲ್‌ನ ತಡ 31 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ. 880 ಹರ್ಟ್ಜ್‌ನಲ್ಲಿ 101 ಇದ್ದ ಇಳಿತ 47 ಸೆಂಟ್ ಆಗುತ್ತದೆ. ಪ್ರೊಸೆಸರಿನ ಕೆಲಸ ಎರಡು ಪಟ್ಟಿಗೂ ಮೀರುತ್ತದೆ. ಇಷ್ಟು ರಗಳೆ ಬೇಡ ಅಂದ್ರೆ ಇಡೀ ಸುತ್ತನ್ನು ಒಂದೇ ಪೆಟ್ಟಿಗೆಯೊಳಗೆ ಇಟ್ಟಿರುವ ರೆಸೊನೇಟರ್ ಮಾಡ್ಯೂಲ್ ರ‍್ಯಾಕ್‌ನಲ್ಲಿದೆ. ಸಿಂಥ್ ಮಾಡ್ಯೂಲ್ ತಯಾರಿಸುತ್ತಿದ್ದ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಎಮಿಲಿ ಜಿಲೆ ತಮ್ಮ ನಿಜವಾದ ಯಂತ್ರಕ್ಕೆ ಬರೆದ ಕೋಡನ್ನು ಮುಕ್ತವಾಗಿ ಬಿಟ್ಟುಕೊಟ್ಟದ್ದರಿಂದ ಅದು ಇಲ್ಲಿಗೂ ಬಂತು. ಅದರೊಳಗೆ ಕೇಬಲ್ ಇಲ್ಲ. ಹಾಗಾಗಿ ಕೇಬಲ್ಲಿನ ತಡವೂ ಇಲ್ಲ.